ನೈದಿಲೆ ದಂಟು ಕೊಯ್ಯುವ ಕೃಷ್ಣಮ್ಮ

ಹಾರೋಹಳ್ಳಿ ಇಂಡಸ್ಟ್ರಿಯಲ್ ಏರಿಯಾದಲ್ಲಿ ನೀರು ಹೆಪ್ಪುಗಟ್ಟಿದ್ದನ್ನು ಕಂಡವರು ಯಾರೂ ಇಲ್ಲ. ಐಸ್‌ಕ್ಯಾಂಡಿ ಮಾರುವವನ ಡಬ್ಬಿ ಬಿಟ್ಟರೆ ಮಂಜುಗಡ್ಡೆಗೆ ಅಲ್ಲಿ ಬೇರೆ ಜಾಗವೇ ಇಲ್ಲ. ಆದರೂ ಅಲ್ಲಿನ ಒಂದು ಕಂಪನಿಯ ಕಾಂಪೌಂಡಿನೊಳಗೆ ಪ್ರತಿ ಮಾರ್ಗಶಿರದಲ್ಲೂ, ಕೊಳದ ನೀರು ಗಡ್ಡೆಕಟ್ಟಿ ನೈದಿಲೆಯ ಬೇರು ಸತ್ತುಹೋದೀತು ಎಂಬ ಭಯದಲ್ಲಿ ಒಂದು ದೊಡ್ಡ ಕೆಲಸ ನಡೆಯುತ್ತಿತ್ತು. ಆ ಕೆಲಸ ಮಾಡುತ್ತಿದ್ದವಳು ಕೃಷ್ಣಮ್ಮ. ತೋಟದ ಕೆಲಸಕ್ಕೆ ಕಂಟ್ರಾಕ್ಟ್ ಮೇಲೆ ಬರುತ್ತಿದ್ದ ಹೆಂಗಸರಲ್ಲಿ ಒಬ್ಬಳು.

ಕೊಳ ಇದ್ದದ್ದು ಕಂಪನಿಯ ಹಿಂಭಾಗದ ತಗ್ಗಿನಲ್ಲಿ. ತಳಕ್ಕೆ ದಪ್ಪ ಕರಿ ಪ್ಲಾಸ್ಟಿಕ್ ಶೀಟು ಹಾಸಿ ಟ್ಯಾಂಕರಿನಲ್ಲಿ ನೀರು ತಂದು ತುಂಬಿಸಿದ್ದರು. ಸುತ್ತಲಿನ ಊರಿನ ಹೆಂಗಸರು ನಲ್ಲಿಯ ಮುಂದೆ ಬಿಂದಿಗೆ ಸಾಲಿಟ್ಟು ಜಗಳವಾಡುತ್ತಿದ್ದ ದಿನಗಳಲ್ಲೂ ಈ ಕೊಳಕ್ಕೆ ಟ್ಯಾಂಕರ್ ತಪ್ಪುತ್ತಿರಲಿಲ್ಲ. ಹೂವಿಗೆ ಇದ್ದ ಮರ್ಯಾದೆ ಹೆಂಗಸರಿಗೆ ಇರಲಿಲ್ಲ, ಅದಿರಲಿ. ನೀರಿನೊಳಗೆ ಮಣ್ಣು ತುಂಬಿದ ಬುಟ್ಟಿಗಳು, ಬುಟ್ಟಿಗಳಲ್ಲಿ ನೈದಿಲೆ. ಚಳಿ ಶುರುವಾದ ಕೂಡಲೇ ಗೊಬ್ಬರ ನಿಲ್ಲಿಸಬೇಕು. ಹಳದಿಯಾದ ಎಲೆ, ಬಾಡಿದ ಹೂವು, ಉದ್ದನೆಯ ದಂಟು ಎಲ್ಲವನ್ನೂ ಬುಡದ ತನಕ ಕೊಯ್ಯಬೇಕು. ದಡದ ಹತ್ತಿರವಿದ್ದ ಬುಟ್ಟಿಗಳನ್ನು ಎತ್ತಿ ನಡುವಿನ ಆಳಕ್ಕೆ ಇಳಿಸಬೇಕು, ಮೇಲೆ ನೀರು ಗಡ್ಡೆಯಾದರೂ ಬೇರಿಗೆ ತಾಗದ ಹಾಗೆ. ನೀಲಿ ಹೂವಿನ ಜಾತಿ ಇನ್ನೂ ನಾಜೂಕು. ಅದರ ಗಡ್ಡೆಗಳನ್ನು ಕಿತ್ತು, ತೊಳೆದು, ಒದ್ದೆ ಮರಳಿನ ಟಬ್ಬಿನಲ್ಲಿ ಹೂತು, ಜನರೇಟರ್ ರೂಮಿನ ಹಿಂದಿನ ಕತ್ತಲೆ ಕೋಣೆಯಲ್ಲಿ ಇಡಬೇಕು. ಬೇಸಿಗೆ ಬಂದಾಗ ಎಲ್ಲವನ್ನೂ ಮತ್ತೆ ಮೇಲಕ್ಕೆ ತರಬೇಕು.

ಇದನ್ನೆಲ್ಲ ಕಲಿಸಿದವಳು ದೊಡ್ಡ ಸಾಹೇಬರ ಹೆಂಡತಿ. ಅರ್ಧ ವರ್ಷ ಹಿಮ ಬೀಳುವ ದೇಶದವಳು. ಎಲ್ಲರೂ ಅವಳನ್ನು ಮೇಡಮ್ಮ ಎನ್ನುತ್ತಿದ್ದರು. ಮೊದಲ ವರ್ಷ ತಾನೇ ಮೊಣಕಾಲುದ್ದದ ಬೂಟು ಹಾಕಿಕೊಂಡು ನೀರಿಗಿಳಿದು, ಪ್ರತಿಯೊಂದನ್ನೂ ಕೈಹಿಡಿದು ತೋರಿಸಿದಳು. ಅವಳ ಮಾತನ್ನು ಕನ್ನಡಕ್ಕೆ ಮಾಡಿ ಹೇಳಲು ತೋಟದ ಮೇಸ್ತ್ರಿ ನಟರಾಜು ದಡದಲ್ಲಿ ನಿಂತಿದ್ದ.

"ಇಲ್ಲೆಲ್ಲಿ ಐಸ್ ಬಿದ್ದಾತು ಅಂತ ಕೇಳು ಅವಮ್ಮನ್ನ," ಎಂದಳು ಕೃಷ್ಣಮ್ಮ.

ನಟರಾಜು ಕೇಳಿದ. ಮೇಡಮ್ಮ ನಕ್ಕಳು, ಆಮೇಲೆ ನಗು ನಿಲ್ಲಿಸಿ ಏನೋ ಹೇಳಿದಳು. "ಇಲ್ಲಿ ಬೀಳಾಕಿಲ್ಲ ಅಂತ ಅವ್ರಿಗೂ ಗೊತ್ತಂತೆ ಕೃಷ್ಣಕ್ಕ. ಅವ್ರ ತಾಯಿ ಮನೇಲಿ ಹಿಂಗೊಂದು ಕೊಳ ಇತ್ತಂತೆ. ಚಳಿಗಾಲ ಬಂದ್ರೆ ಕೈ ಸುಮ್ಕಿರಾಕಿಲ್ವಂತೆ," ಎಂದ ನಟರಾಜು. ಕೃಷ್ಣಮ್ಮನಿಗೆ ಆ ಮಾತು ಅರ್ಥವಾಯಿತು. ಮತ್ತೆಂದೂ ಅವಳು ಐಸಿನ ವಿಷಯ ಎತ್ತಲಿಲ್ಲ.

ಆ ಕೆಲಸದಲ್ಲಿ ಕೃಷ್ಣಮ್ಮನನ್ನು ಮೀರಿಸುವವರು ಇರಲಿಲ್ಲ. ಮಿಕ್ಕವರು ನೀರಿಗೆ ಹೆದರಿ, ಕೈಗೆ ಎಟುಕಿದ ದಂಟು ಕೊಯ್ದು ಎದ್ದುಬಂದರೆ, ಇವಳು ಸೊಂಟದ ತನಕ ಇಳಿದು, ಕುಡುಗೋಲು ಹಿಡಿದು, ನೀರೊಳಗೆ ಕೈಯಾಡಿಸಿ ಒಂದೊಂದನ್ನೇ ಹುಡುಕಿ ಕೊಯ್ಯುವಳು. ಮುಗಿದ ಮೇಲೂ ಬಿಡುತ್ತಿರಲಿಲ್ಲ. ಕೊಳದ ತುಂಬ ಬರಿಗಾಲಿನಲ್ಲಿ ಓಡಾಡಿ, ಕಾಲಿಗೆ ಏನಾದರೂ ಸುತ್ತಿಕೊಳ್ಳುತ್ತದೆಯೋ ನೋಡುವಳು. ಒಂದು ಎಳೆ ತಾಗಿದರೂ ಬಗ್ಗಿ ಅದನ್ನೂ ಕತ್ತರಿಸುವಳು. ಜೊತೆಯ ಹೆಂಗಸರು ನಗುತ್ತಿದ್ದರು. ಮೇಡಮ್ಮ ಮಾತ್ರ ಬೆನ್ನು ತಟ್ಟಿ, ಇಷ್ಟು ಚೆನ್ನಾಗಿ ನಮ್ಮ ದೇಶದಲ್ಲೂ ಯಾರೂ ಮಾಡುವುದಿಲ್ಲ ಎಂದಳಂತೆ. ಪಾಪ, ಅವಳಿಗೆ ಕಾರಣ ಗೊತ್ತಿರಲಿಲ್ಲ.

ಕಾರಣ ಅನು. ಕೃಷ್ಣಮ್ಮನ ಒಬ್ಬಳೇ ಮಗಳು.

ಕಂಪನಿ ಬರುವುದಕ್ಕೆ ಎಷ್ಟೋ ಮೊದಲು ಅದೇ ತಗ್ಗಿನಲ್ಲಿ ಹೂವಿನ ಕಟ್ಟೆ ಎಂಬ ಹೊಂಡವಿತ್ತು. ಯಾರೂ ನೆಡದೆ, ಯಾರೂ ನೀರು ಹೊರದೆ ಬಿಳಿ ನೈದಿಲೆ ತುಂಬಿಕೊಳ್ಳುತ್ತಿತ್ತು. ಕುರಿಗಳು ಕುಡಿಯುವುದು ಅಲ್ಲಿ, ಊರ ಮಕ್ಕಳು ಬೀಳುವುದು ಅಲ್ಲಿ. ಹೂವನ್ನು ಉದ್ದ ದಂಟಿನ ಸಮೇತ ಕಿತ್ತು, ದಂಟನ್ನು ಅತ್ತ ಒಂದು ಇತ್ತ ಒಂದು ಮುರಿದು ಸಿಪ್ಪೆಯಲ್ಲಿ ಜೋತುಬೀಳುವಂತೆ ಮಾಡಿದರೆ ಹೆಣ್ಣುಮಕ್ಕಳ ಕೊರಳಿಗೆ ಸರವಾಗುತ್ತಿತ್ತು, ಹೂವೇ ಪದಕ. ಗೌರಿ ಹಬ್ಬದ ಬೆಳಿಗ್ಗೆ, "ಒಸಿ ಹೂವ ಕಿತ್ಕೊಂಬಾ ಹೋಗು," ಎಂದು ಕೃಷ್ಣಮ್ಮನೇ ಅನುವನ್ನು ಕಳಿಸಿದ್ದಳು. ಮಗಳು ಸುಮಾರಾಗಿ ಈಜುತ್ತಿದ್ದಳು. ನೀರೂ ಅಷ್ಟೇನು ಆಳವಿರಲಿಲ್ಲ. ಎತ್ತಿದವರು ಹೇಳಿದ್ದು ಒಂದೇ: ಎರಡೂ ಕಾಲಿಗೆ ದಂಟು ಹುರಿಯಾಗಿ ಸುತ್ತಿಕೊಂಡಿತ್ತು, ಬಿಡಿಸಲು ಬಾರದೆ ಕುಡುಗೋಲು ತರಿಸಿ ಕೊಯ್ಯಬೇಕಾಯಿತು.

ಕೃಷ್ಣಮ್ಮನ ಗಂಡ ಪುಟ್ಟಲಿಂಗಯ್ಯ ಒಂದಿಷ್ಟು ರಾಗಿ ಹೊಲ, ಒಂದು ಮಂದೆ ಕುರಿ ಇಟ್ಟುಕೊಂಡವನು. ಅವನ ಮನೆತನದಲ್ಲಿ, ನೀರಿನಲ್ಲಿ ಸತ್ತವರನ್ನು ಮನೆಗೆ ಕರೆದುಕೊಳ್ಳುವ ಒಂದು ಕ್ರಮವಿತ್ತು. ಅಮಾವಾಸ್ಯೆಯ ದಿನ ಹೆತ್ತವಳೇ ಹೊಸ ಕುಡಿಕೆ ಹಿಡಿದು, ಜೀವ ಹೋದ ಜಾಗಕ್ಕೇ ಹೋಗಿ, ಮೆಲ್ಲಗೆ ಹೆಸರು ಹಿಡಿದು ಕರೆದು, ಅಲ್ಲಿನ ನೀರು ತುಂಬಿಕೊಳ್ಳಬೇಕು. ಸೆರಗು ಮುಚ್ಚಿ ಹಿಂದಿರುಗಿ ನೋಡದೆ ಮನೆಗೆ ನಡೆಯಬೇಕು. ದಾರಿಯಲ್ಲಿ ತುಟಿ ಬಿಚ್ಚಬಾರದು. ಮಾತಾಡಿದರೆ ಬಂದವರು ಬೆದರಿ ಹಿಂತಿರುಗಿ ಹೋಗುತ್ತಾರೆ. ಹೊಸಿಲ ಬಳಿ ಮನೆಯ ಯಜಮಾನ, "ಯಾರು ಬಂದ್ರು?" ಎಂದು ಕೇಳುತ್ತಾನೆ. ತಾಯಿ ಹೆಸರು ಹೇಳುತ್ತಾಳೆ. ಅಂದಿನಿಂದ ಸತ್ತವರು ಹಿರಿಯರ ಸಾಲಿಗೆ ಸೇರುತ್ತಾರೆ, ವರ್ಷಕ್ಕೊಮ್ಮೆ ಎಡೆ ಉಂಡು ತಣ್ಣಗಿರುತ್ತಾರೆ. ಕರೆಯದಿದ್ದರೆ ಹೊಸಿಲಾಚೆಯೇ ನಿಂತಿರುತ್ತಾರೆ.

ಮೊದಲ ಮಹಾಲಯ ಅಮಾವಾಸ್ಯೆ ಬಂತು. ಪುಟ್ಟಲಿಂಗಯ್ಯ ಕುಡಿಕೆ ತಂದಿಟ್ಟ. "ನಾನು ಮುಟ್ಟಾಗಿವ್ನಿ," ಎಂದಳು ಕೃಷ್ಣಮ್ಮ. ಆಗಿರಲಿಲ್ಲ. ಮರುವರ್ಷವೂ ಅದನ್ನೇ ಹೇಳಿದಳು. ಗಂಡಸು ಅದಕ್ಕೆ ಮೇಲೊಂದು ಮಾತು ಕೇಳುವ ಹಾಗಿಲ್ಲ. ಮಗಳನ್ನು ಕರೆದುಬಿಟ್ಟರೆ ಅವಳು ಸತ್ತವರ ಜೊತೆ ಸೇರಿಬಿಡುತ್ತಾಳೆ, ಗೋಡೆಯ ಮೇಲಿನ ಅತ್ತೆ ಮಾವಂದಿರ ಫೋಟೋಗಳ ಜೊತೆ ವರ್ಷಕ್ಕೊಂದು ದಿನ ಊಟಕ್ಕೆ ಬರುವ ನೆಂಟಳಾಗುತ್ತಾಳೆ. ಕೃಷ್ಣಮ್ಮನಿಗೆ ಅದು ಬೇಕಿರಲಿಲ್ಲ. ಸಾಯಂಕಾಲ ಕಟ್ಟೆಯ ದಡದಲ್ಲಿ ಕೂತು ಎರಡು ಮಾತು ಆಡಿ ಬರುತ್ತಿದ್ದಳು, ಅಷ್ಟು ಸಾಕಿತ್ತು.

ಅಷ್ಟರಲ್ಲಿ ಜಮೀನೆಲ್ಲ ಇಂಡಸ್ಟ್ರಿಯಲ್ ಏರಿಯಾಕ್ಕೆ ಹೋಯಿತು. ಬುಲ್ಡೋಜರ್ ಬಂದು ಕಟ್ಟೆಯನ್ನು ಅರ್ಧ ಮುಚ್ಚಿತು. ಕಾಂಪೌಂಡು ಎದ್ದಿತು. ಪುಟ್ಟಲಿಂಗಯ್ಯ ಎದೆ ಬಡಿದುಕೊಂಡು, "ನನ್ನ ಮಗೀನ ಮಣ್ಣಾಕಿ ಮುಚ್ಬುಟ್ರಲ್ಲೇ," ಎಂದು ಗೇಟಿನ ಮುಂದೆ ಕೂತು ಅತ್ತ. ತಪ್ಪು ತನ್ನದು ಎಂದು ಹೇಳುವ ಧೈರ್ಯ ಕೃಷ್ಣಮ್ಮನಿಗೆ ಬರಲಿಲ್ಲ. ಎಷ್ಟು ಮುಚ್ಚಿದರೂ ಆ ತಗ್ಗಿನಲ್ಲಿ ಮಳೆನೀರು ನಿಲ್ಲುವುದು ತಪ್ಪಲಿಲ್ಲವಂತೆ. ಅದನ್ನು ಕಂಡೇ ಮೇಡಮ್ಮ ಅಲ್ಲೊಂದು ಕೊಳ ಮಾಡಿಸಿದ್ದು. ತೋಟಕ್ಕೆ ಆಳು ಬೇಕು ಎಂದು ಗೊತ್ತಾದ ದಿನವೇ ಕೃಷ್ಣಮ್ಮ ಹೋಗಿ ಹೆಸರು ಬರೆಸಿದಳು.

ಅವಳಿಗೆ ಮಗಳು ದಿನವೂ ಸಿಕ್ಕ ಹಾಗಾಯಿತು. ಕಳೆ ಕೀಳುತ್ತ, ಎಲೆ ಬಳಿಯುತ್ತ ಪಿಸುಮಾತಿನಲ್ಲಿ ಎಲ್ಲ ಹೇಳಿಕೊಳ್ಳುವಳು. ಚಳಿಗಾಲ ಬಂದರೆ ದಂಟು ಕೊಯ್ದು ನೀರನ್ನು ಬೋಳು ಮಾಡುವಳು, ಮಗಳ ಕಾಲು ಸಲೀಸಾಗಿ ಆಡಲಿ ಎಂದು. ಬೇಸಿಗೆಯಲ್ಲಿ ಹೊಸ ದಂಟು ನೀರಿನ ತಳದಿಂದ ಸುರುಳಿ ಬಿಚ್ಚಿ ಮೇಲೇಳುವುದನ್ನು ಕಂಡರೆ ಕೈ ಕುಡುಗೋಲು ಹುಡುಕುತ್ತಿತ್ತು. ಹೂವು ಅರಳಿದಾಗ ಎಲ್ಲರೂ ಹೂವು ನೋಡುವರು, ಇವಳು ಅದರ ಕೆಳಗಿನ ಕತ್ತಲೆ ನೋಡುವಳು.

ಮನೆಯಲ್ಲಿ ಪುಟ್ಟಲಿಂಗಯ್ಯನ ಪಾಡು ಬೇರೆ. ಮಲಗಿದ್ದವನು ಎದ್ದು ಹೊಸಿಲ ಮೇಲೆ ಕೂರುತ್ತಿದ್ದ. ಹೊರಗೆ ಯಾರೋ ಒದ್ದೆ ಲಂಗ ಹಿಂಡಿದ ಸದ್ದಾಗುತ್ತದೆ ಎನ್ನುವನು. ಕುರಿಗಳೂ ಹಾಗೇ ಆಡುತ್ತಿದ್ದವು. ಮರಳವಾಡಿ ಕಡೆಗೆ ಮೇಯಿಸಲು ಹೊಡೆದುಕೊಂಡು ಹೋಗುವಾಗ, ಹಳೆಯ ಕಟ್ಟೆಗೆ ದಾರಿಯಿದ್ದ ಜಾಗದಲ್ಲಿ, ಎದುರಿಗೆ ಬರೀ ಕಾಂಪೌಂಡು ಗೋಡೆಯಿದ್ದರೂ ನಿಂತುಬಿಡುತ್ತಿದ್ದವು. ಕಟ್ಟೆ ಮುಚ್ಚಿದ ಮೇಲೆ ಹುಟ್ಟಿದ ಮರಿಗಳೂ ನಿಲ್ಲುತ್ತಿದ್ದವು.

"ಅದು ಬಾಗ್ಲಿಗೆ ಬಂದು ಹೋಯ್ತೈತೆ ಕನೇ. ಕರೀದೆ ಹೆಂಗೆ ಒಳೀಕೆ ಬಂದಾತು? ಒಂದ್ಸಲ ಕರ್ಕೊಂಬಂದ್ಬುಡು," ಎಂದು ಅಂಗಲಾಚುವನು.

"ಈಗಿರಾದು ಟ್ಯಾಂಕರ್ ನೀರು. ಅದ್ರಾಗೆ ನಮ್ಮ ಮಗ ಎಲ್ಲೈತೆ?" ಎಂದು ಕೃಷ್ಣಮ್ಮ ಬಾಯಿ ಮುಚ್ಚಿಸುವಳು. ಮಗಳು ಅಲ್ಲೇ ಇದ್ದಾಳೆ ಎಂದು ದಿನವೂ ಮಾತಾಡಿಸುತ್ತಿದ್ದವಳು ಗಂಡನಿಗೆ ಹೇಳುತ್ತಿದ್ದ ಮಾತು ಅದು.

ಆ ವರ್ಷ ಮಾರ್ಗಶಿರಕ್ಕೆ ಮುಂಚೆಯೇ ದೊಡ್ಡ ಸಾಹೇಬರಿಗೆ ವರ್ಗವಾಗಿ ಮೇಡಮ್ಮ ತನ್ನ ದೇಶಕ್ಕೆ ಹೊರಟುಹೋದಳು. ಕುಡುಗೋಲು ಮಸೆದುಕೊಂಡು ಕೊಳಕ್ಕೆ ಹೋದ ಕೃಷ್ಣಮ್ಮನನ್ನು ನಟರಾಜು ತಡೆದ.

"ಈ ಸಲ ಬ್ಯಾಡ ಬುಡು ಕೃಷ್ಣಕ್ಕ. ನೀರು ಖಾಲಿ ಮಾಡಿ ಕೊಳ ಮುಚ್ತಾರಂತೆ. ಲಾರಿ ನಿಲ್ಸಾಕೆ ಕಾಂಕ್ರೀಟು ಹಾಕ್ತಾರೆ. ಅಮಾಸೆ ದಿನ ಪಂಪು, ಮಾರನೆ ದಿನ ಟಿಪ್ಪರು."

"ಹೂವು?"

"ಯಾರಿಗೆ ಬೇಕಕ್ಕ ಹೂವು?"

ಕೃಷ್ಣಮ್ಮ ಅಲ್ಲೇ ಕುಕ್ಕರಿಸಿದಳು. ಒಮ್ಮೆ ಅರ್ಧ ಮುಚ್ಚಿದ್ದನ್ನು ಈಗ ಪೂರಾ ಮುಚ್ಚುತ್ತಾರೆ. ಮೇಲೆ ಕಾಂಕ್ರೀಟು, ಅದರ ಮೇಲೆ ಲಾರಿ. ಮಗಳನ್ನು ಇನ್ನು ಅಲ್ಲಿ ಇಟ್ಟುಕೊಳ್ಳುವ ಹಾಗೂ ಇಲ್ಲ, ಆಮೇಲೆ ಕರೆಯುವ ಹಾಗೂ ಇಲ್ಲ. ಕರೆಯುವುದಾದರೆ ಪಂಪು ಹಾಕುವ ಆ ಎಳ್ಳಮಾವಾಸ್ಯೆಯ ದಿನವೇ ಕರೆಯಬೇಕು. ಮನೆಗೆ ಬಂದು, "ಕುಡಿಕೆ ತತ್ತಾ," ಎಂದಳು. ಪುಟ್ಟಲಿಂಗಯ್ಯ ಎದ್ದ. ಆ ಹೊತ್ತಿನಲ್ಲೇ ಹಾರೋಹಳ್ಳಿ ಬಸ್ ಸ್ಟ್ಯಾಂಡ್ ತನಕ ಓಡಿ ಹೋಗಿ ಮಣ್ಣಿನ ಕುಡಿಕೆ ತಂದ.

ಅಮಾವಾಸ್ಯೆಯ ದಿನ ಪಂಪು ಬೆಳಗಿನಿಂದ ಗುಂಯ್‌ಗುಟ್ಟಿತು. ನೀರು ಇಳಿದಂತೆಲ್ಲ ನೈದಿಲೆಯ ಎಲೆಗಳು ಒಂದರ ಮೇಲೊಂದು ಬಿದ್ದುಕೊಂಡವು. ಸಂಜೆ ಮುಂದೆ ಆಳುಗಳು ಕರಿ ಶೀಟನ್ನು ಎಳೆದು ಸುತ್ತಿದಾಗ ಕೆಳಗಿನಿಂದ ಕಪ್ಪು ಕೆಸರು ಕಾಣಿಸಿತು. ಅದರ ವಾಸನೆ ಬಂದದ್ದೇ ಕೃಷ್ಣಮ್ಮ ಅಂಚಿಗೆ ಬಂದು ಬಗ್ಗಿದಳು. ಹೂವಿನ ಕಟ್ಟೆಯ ಕೆಸರೇ ಅದು. ತಳದ ಮಧ್ಯದಲ್ಲಿ ಒಂದು ಕಡೆ ನೀರು ಜಿನುಗುತ್ತಿತ್ತು. ಟ್ಯಾಂಕರಿನದಲ್ಲ, ಭೂಮಿಯದು. ಇಷ್ಟು ವರ್ಷ ಪ್ಲಾಸ್ಟಿಕ್ಕಿನ ಕೆಳಗೆ ಆ ಒರತೆ ಬದುಕಿಕೊಂಡೇ ಇತ್ತು.

ಆಳುಗಳು ಕೈ ತೊಳೆಯಲು ಹೋದಾಗ ಅವಳು ಇಳಿದಳು. ಒರತೆಗೆ ಕುಡಿಕೆ ಒಡ್ಡಿ, "ಅನು, ಮನೀಗೆ ನಡಿ ಮಗ," ಎಂದು ಮೆಲ್ಲಗೆ ಕರೆದಳು. ಕುಡಿಕೆ ತುಂಬಿತು. ಸೆರಗು ಮುಚ್ಚಿಕೊಂಡು ತುಟಿ ಬಿಗಿದು ನಡೆದಳು.

ಗೇಟಿನಲ್ಲಿ ಸೆಕ್ಯುರಿಟಿ ಬಾಬಾಜಾನ್ ಇದ್ದ. ಜನರೇಟರಿನ ಡೀಸೆಲ್ ಕದಿಯುತ್ತಾರೆಂದು, ಹೊರಗೆ ಹೋಗುವ ಡಬ್ಬಿ ಬಾಟಲಿಯನ್ನೆಲ್ಲ ಮೂಸಿ ನೋಡುವುದು ಅವನ ಡ್ಯೂಟಿ.

"ಏನು ಕೃಷ್ಣಕ್ಕ, ಸೆರಗಿನಾಗೆ ಏನೈತೆ?"

ಅವಳು ಮಾತಾಡಲಿಲ್ಲ.

"ಹೇಳಕ್ಕ. ನೀನು ಅಂತ ಬುಟ್ಬುಟ್ರೆ ನನ್ನ ಕೆಲ್ಸ ಹೊಂಟೋಯ್ತದೆ."

ಅವಳು ಸೆರಗನ್ನು ಒಂದಿಷ್ಟೇ ಸರಿಸಿದಳು. ಬಾಬಾಜಾನ್ ಬಗ್ಗಿ ನೋಡಿದ. ಕೆಸರು ನೀರು. ತಲೆಯೆತ್ತಿ ಅವಳ ಮುಖ ನೋಡಿದ. ಬಿಗಿದ ತುಟಿ, ಧಾರಾಕಾರ ನೀರು ಸುರಿಸುವ ಕಣ್ಣು. ಅವನು ಆ ಊರಿನವನೇ, ಹೂವಿನ ಕಟ್ಟೆಯಲ್ಲಿ ಈಜಿದವನೇ. ಹಿಂದೆ ಸರಿದು ಗೇಟು ತೆಗೆದ.

ಅಲ್ಲಿಯ ತನಕ ಎಲ್ಲ ಸರಿಯಾಗಿತ್ತು. ಪೇಂಟಿನ ಫ್ಯಾಕ್ಟರಿ ದಾಟುವಾಗ ಹಿಂದಿನಿಂದ ಒಂದು ಲಾರಿ ಕಿವಿ ಕಿತ್ತುಹೋಗುವಂತೆ ಹಾರನ್ ಹೊಡೆಯಿತು. ಕೃಷ್ಣಮ್ಮ ಬೆಚ್ಚಿದಳು. ಕುಡಿಕೆ ತುಳುಕಿ ನೀರು ಮುಂಗೈ ಮೇಲೆ ಚೆಲ್ಲಿತು. ಕೊರೆಯುವ ತಣ್ಣೀರು. ಎಷ್ಟೋ ಚಳಿಗಾಲ ನೆಲದೊಳಗಿದ್ದ ಆ ತಣುಪು ಕೈಗೆ ತಾಗಿದ್ದೇ ತಡ, ಹೆತ್ತ ಬಾಯಿ ತಾನಾಗಿ ಬಿಚ್ಚಿಕೊಂಡಿತು.

"ಚಳಿ ಆಯ್ತದಾ ಮಗ?"

ಆಡಿದ ಮೇಲೆ ನಾಲಿಗೆ ಕಚ್ಚಿಕೊಂಡಳು. ರಸ್ತೆಯ ನಡುವೆ ನಿಂತುಬಿಟ್ಟಳು. ಬಾಯಿ ಜಾರಿತೋ, ಬೇಕೆಂದೇ ಜಾರಿಸಿದೆನೋ ಎಂದು ತನ್ನನ್ನೇ ಕೇಳಿಕೊಂಡಳು. ಹಿಂದಕ್ಕೆ ಹೋಗಿ ಮತ್ತೆ ತುಂಬೋಣವೆಂದರೆ ಕತ್ತಲಾಗುತ್ತಿತ್ತು, ಗೇಟು ಮುಚ್ಚಿತ್ತು. ಕುಡಿಕೆಯಲ್ಲಿ ಇದ್ದದ್ದು ಬರೀ ನೀರು ಎಂದು ಅವಳಿಗೆ ಕೈಯಲ್ಲೇ ಗೊತ್ತಾಯಿತು.

ಹೊಸಿಲಲ್ಲಿ ಪುಟ್ಟಲಿಂಗಯ್ಯ ಮಿಂದು, ಮಡಿ ಪಂಚೆ ಉಟ್ಟು ನಿಂತಿದ್ದ. ಬಾಗಿಲಿಗೆ ನೀರು ಹಾಕಿ ರಂಗೋಲಿಯನ್ನೂ ತಾನೇ ಎಳೆದಿದ್ದ, ಸೊಟ್ಟಸೊಟ್ಟವಾಗಿ.

"ಯಾರು ಬಂದ್ರು?" ಎಂದ.

ಕೃಷ್ಣಮ್ಮ ಆ ರಂಗೋಲಿ ನೋಡಿದಳು, ಅವನ ಮುಖ ನೋಡಿದಳು. "ಅನು ಬಂದ್ಲು," ಎಂದಳು.

ಅವನು ಎರಡೂ ಕೈಯಲ್ಲಿ ಕುಡಿಕೆ ಇಸಿದುಕೊಂಡು ದೇವರ ಮೂಲೆಯಲ್ಲಿಟ್ಟ. ಎಡೆಗೆ ಪಾಯಸ, ಹುರುಳಿ ಸಾರು, ಮುದ್ದೆ. ಮಗಳಿಗೆಂದು ಅಂಗಡಿಯಿಂದ ಬತ್ತಾಸೂ ತಂದಿದ್ದ. "ತಿನ್ನು ಮಗ," ಎಂದು ಬಾಗಿಲು ಮರೆಮಾಡಿ ಇಬ್ಬರೂ ಹೊರಗೆ ಕೂತರು. ಆಮೇಲೆ ಅವನು ಎರಡು ತುತ್ತು ಉಂಡು ಗೋಡೆಗೆ ಮುಖ ಮಾಡಿ ಮಲಗಿದ. ಅಂತೂ ಇವನಿಗಾದರೂ ನಿದ್ದೆ ಬಂತಲ್ಲ ಎಂದುಕೊಂಡಳು ಕೃಷ್ಣಮ್ಮ. ಅವಳಿಗೆ ಕಣ್ಣು ಹತ್ತಲಿಲ್ಲ. ಗಂಡನಿಗೆ ಮೋಸ ಮಾಡಿದ್ದಾಯಿತು, ಮಗಳನ್ನು ನಡುದಾರಿಯಲ್ಲಿ ಬೆದರಿಸಿ ಓಡಿಸಿದ್ದಾಯಿತು. ಬೆಳಗಾದರೆ ಟಿಪ್ಪರು.

ಬೆಳಿಗ್ಗೆ ಅವಳು ಹೋಗುವ ಹೊತ್ತಿಗೆ ಮೊದಲ ಟಿಪ್ಪರ್ ಕೊಳದ ಅಂಚಿಗೆ ಹಿಂದೆ ಹಿಂದೆ ಬರುತ್ತಿತ್ತು. ತುಂಬ ಕಲ್ಲುಪುಡಿ, ಬಂಡೆಚೂರು. ಕೃಷ್ಣಮ್ಮ ಚಪ್ಪಲಿ ಬಿಟ್ಟು ಕೆಸರಿಗೆ ಹಾರಿದಳು. ಟಿಪ್ಪರ್ ಗಕ್ಕನೆ ನಿಂತಿತು. ಡ್ರೈವರ್ ಬೈದ. ನಟರಾಜು ಓಡಿ ಬಂದು, "ಕೃಷ್ಣಕ್ಕ, ತಲೆ ಕೆಟ್ಟೈತಾ? ಎದ್ದು ಬಾ," ಎಂದು ಕೂಗಿದ. ಅವಳು ಯಾರ ಮಾತನ್ನೂ ಕಿವಿಗೆ ಹಾಕಿಕೊಳ್ಳಲಿಲ್ಲ. ಬಾಡಿ ಬಿದ್ದಿದ್ದ ದಂಟುಗಳ ಗೋಜಲಿನಲ್ಲಿ ಮಂಡಿಯೂರಿ, ಕುಡುಗೋಲಿಲ್ಲದೆ ಬರಿಗೈಯಲ್ಲೇ ಅವನ್ನು ಕಿತ್ತು ಕಿತ್ತು ಎಸೆದಳು. ಒರತೆ ಇದ್ದ ಜಾಗ ಬಯಲಾದ ಮೇಲೆ, ಹೊಲದ ಆ ತುದಿಯಲ್ಲಿರುವ ಮಗಳನ್ನು ಊಟಕ್ಕೆ ಕರೆಯುವ ಹಾಗೆ ಗಂಟಲು ಬಿರಿಯುವಂತೆ ಕೂಗಿದಳು.

"ಅನೂ! ಬಾ ಮಗ! ಈ ಜಾಗ ಮುಚ್ತಾವ್ರೆ, ಎದ್ದು ಬಾ! ನಿಮ್ಮವ್ವ ಕರೀತಾವ್ಳೆ, ಬಾರವ್ವಾ!"

ಶಿಫ್ಟಿಗೆ ಬಂದವರೆಲ್ಲ ಗೋಡೆಯ ಹತ್ತಿರ ಗುಂಪುಗೂಡಿದರು. ಯಾರೂ ನಗಲಿಲ್ಲ. ಅವಳು ಕೆಸರು ಮೈಯಲ್ಲೇ ಮೇಲಕ್ಕೆ ಹತ್ತಿದಳು. ಕೈಯಲ್ಲಿ ಕುಡಿಕೆಯಿಲ್ಲ, ನೀರಿಲ್ಲ. ಹತ್ತಿ ಬಂದವಳು ಹಿಂತಿರುಗಿ ನೋಡಿದಳು, ಕೈ ಚಾಚಿದಳು, ಆಮೇಲೆ ನಡೆದಳು. ಹಿಂದೆ ಕಲ್ಲುಪುಡಿ ಸುರಿಯುವ ಸದ್ದು ಕೇಳಿಸಿತು.

ಈ ಸಲ ಅವಳು ಸುಮ್ಮನಿರಲಿಲ್ಲ. ಗೇಟು ದಾಟುವಾಗಲೇ ಶುರುಮಾಡಿದ್ದಳು. "ಇವ್ನು ಬಾಬಾಜಾನು, ಗೊತ್ತಲ್ಲ, ಮೀಸೆ ಬಂದೈತೆ ಅಷ್ಟೇಯ. ಇದು ಪೇಂಟಿನ ಫ್ಯಾಕ್ಟ್ರಿ, ಮೂಗು ಮುಚ್ಕೊ. ಇಲ್ಲಿ ಹುಣಸೆಮರ ಇತ್ತಲ್ಲ, ಕಡುದ್ಬುಟ್ರು. ಲಾರಿ ಬತ್ತೈತೆ, ಈ ಕಡೀಕೆ ಬಾ. ನಿಮ್ಮಪ್ಪ ನೆನ್ನೆ ಬತ್ತಾಸು ತಂದಿತ್ತು ಮಗ. ನಿಂಗಂತ." ಎದುರಿಗೆ ಬಂದವರು ದಾರಿ ಬಿಟ್ಟು ನಿಂತರು. ಮನೆತನದ ಕ್ರಮದಲ್ಲಿ ಹೇಳಿದ್ದ ಪ್ರತಿಯೊಂದನ್ನೂ ಅವಳು ಮುರಿಯುತ್ತಿದ್ದಳು, ಗೊತ್ತಿದ್ದೇ ಮುರಿಯುತ್ತಿದ್ದಳು. ಇಷ್ಟು ವರ್ಷ ಮಾತಿಗೆ ಕಾದು ಕೂತ ಹುಡುಗಿ ಮಾತಿಗೆ ಬೆದರಿ ಓಡುತ್ತಾಳೆ ಎಂದರೆ ಅವಳಿಗೆ ಈಗ ನಂಬಿಕೆ ಬರಲಿಲ್ಲ.

ಪುಟ್ಟಲಿಂಗಯ್ಯ ಕುರಿ ಬಿಟ್ಟಿರಲಿಲ್ಲ. ಬಾಗಿಲಿಗೆ ಅಡ್ಡವಾಗಿ ಕಾಲು ಚಾಚಿಕೊಂಡು, ಹಗ್ಗ ಹೊಸೆಯುತ್ತ ಕೂತಿದ್ದ. ಕೆಸರಾದ ಹೆಂಡತಿ ಅಂಗಳಕ್ಕೆ ಬಂದದ್ದನ್ನು ಕಂಡ. ಬಂದವಳು ಒಳಗೆ ನುಗ್ಗಲಿಲ್ಲ. ಹೊಸಿಲ ಬಳಿ ಒಂದು ಹೆಜ್ಜೆ ಪಕ್ಕಕ್ಕೆ ಸರಿದು, ಮಗುವನ್ನು ಮೊದಲು ಒಳಗೆ ಬಿಡುವ ಹಾಗೆ ನಿಂತಳು.

ಅವನು ಚಾಚಿದ್ದ ಕಾಲನ್ನು ಮೆಲ್ಲಗೆ ಮಡಚಿಕೊಂಡ. ಹಗ್ಗ ಕೆಳಗಿಟ್ಟು ಕೇಳಿದ.

"ಇವತ್ತು ಬಂದ್ಲಾ?"

ಕೃಷ್ಣಮ್ಮ ಅವನ ಮುಖ ನೋಡಿದಳು. ನೆನ್ನೆ ರಾತ್ರಿ ಅವನೂ ನಿದ್ದೆ ಮಾಡಿರಲಿಲ್ಲ ಎಂಬುದು ಅವಳಿಗೆ ಆಗ ತಿಳಿಯಿತು.

"ಬಂದ್ಲು," ಎಂದಳು. "ದಾರಿ ಉದ್ದಕ್ಕೂ ಬಾಯೇ ಮುಚ್ಲಿಲ್ಲ."